ಕೆಳಗಿನ ಸಾಲಿನ ಮಗ್ಗ

ನಾವಿರುವ ಬಡಾವಣೆ ಬಾಗಲಕೋಟೆಯಿಂದ ಕಲಾದಗಿಗೆ ಹೋಗುವ ದಾರಿಯಲ್ಲಿ, ಘಟಪ್ರಭೆಯ ದಂಡೆಯ ಮೇಲಿದೆ. ಮೊದಲು ಅದು ಚಿಕ್ಕು ತೋಟ. ಪಾರ್ಕಿನ ಮೂಲೆಯಲ್ಲಿ ಕಡಿಯದೆ ಬಿಟ್ಟ ಒಂದಿಷ್ಟು ಗಿಡಗಳು ಈಗಲೂ ಇವೆ. ಹಣ್ಣನ್ನು ಮಾತ್ರ ಬಾವಲಿಗಳು ನಮಗೆ ಬಿಡುವುದಿಲ್ಲ. ಮನೆಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ, ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ. ಹೊಸದರಲ್ಲಿ ನಮ್ಮ ಮನೆಯವರು ಆಫೀಸಿನಿಂದ ಬಂದು ಪಕ್ಕದವರ ಬಾಗಿಲು ಬಡಿದದ್ದುಂಟು.

ನದಿಗೆ ಮುಖ ಮಾಡಿದ ಮನೆಗಳಿಗೆ ಕೆಳಗಿನ ಸಾಲು ಎನ್ನುತ್ತೇವೆ. ಅವುಗಳ ಮುಂದೆ ಕಲ್ಲು ಹಾಸಿದ ವಾಕಿಂಗ್ ದಾರಿ, ಆಮೇಲೆ ಗಿಡ್ಡ ಗೋಡೆ, ಆಮೇಲೆ ಹೊಳೆ. ಮಾರುವಾಗ ಅವಕ್ಕೇ ಬೇಡಿಕೆ ಜಾಸ್ತಿ ಇತ್ತು. ನಾವು ಮಾತ್ರ ಏರಿನ ಮೇಲಿನ ಸಾಲಿನಲ್ಲಿ ತೆಗೆದುಕೊಂಡೆವು. ಅದು ನನ್ನ ಅತ್ತೆಯ ಹಟ. ಹಳೇ ಬಾಗಲಕೋಟೆಯಲ್ಲಿ ಅವರು ಮದುವೆಯಾಗಿ ಬಂದ ಮನೆ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿ ಹೋಗಿತ್ತು. ಜಾಗ ನೋಡಲು ಬಂದ ದಿನ ಕಾರಿನಿಂದ ಇಳಿಯದೆ ಹೇಳಿದರು: "ಒಂದು ಮನಿ ನೀರಾಗ ಹೋತು. ಇನ್ನೊಂದನ್ನ ಒಯ್ದು ನೀರಿನ ಬಾಯಾಗ ಇಡಬ್ಯಾಡ್ರಿ."

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಧ್ಯಾಹ್ನವೆಲ್ಲ ಅತ್ತೆ ಒಬ್ಬರೇ. ಬಡಾವಣೆಯಲ್ಲಿ ಎಲ್ಲರ ಬಾಗಿಲೂ ಮುಚ್ಚಿರುತ್ತದೆ. ಕಟ್ಟೆಯ ಮೇಲೆ ಕೂತು ಹೋಗುವವರನ್ನು ಬರುವವರನ್ನು ಮಾತಾಡಿಸೋಣವೆಂದರೆ ಕಟ್ಟೆ ಎನ್ನುವುದನ್ನೇ ನಕ್ಷೆಯಲ್ಲಿ ಬರೆದಿರಲಿಲ್ಲ. ಹಾಗಾಗಿ, ಕೆಳಗಿನ ಸಾಲಿಗೆ ಇಳಕಲ್ಲಿನ ತಾಯಿ ಮಗಳು ಬಂದದ್ದು ನನಗಿಂತ ಮೊದಲು ಗೊತ್ತಾದದ್ದು ಅತ್ತೆಗೆ.

"ಕೆಳಗಿನ ಮನ್ಯಾಗ ಮಗ್ಗ ಹೂಡ್ಯಾರ," ಎಂದರು ಒಂದು ಸಂಜೆ, ನಾನು ಚಪ್ಪಲಿ ಬಿಡುವ ಮೊದಲೇ.

"ಮನಿಯೊಳಗೇನ್ರಿ ಅತ್ತಿ?"

"ಕಾರ್ ನಿಂದ್ರಸೂ ಜಾಗಾದಾಗ. ಕುಣಿ ತೋಡ್ಯಾರ. ಆಕಿ ಅದರಾಗ ಕಾಲು ಇಳಿಬಿಟ್ಟ ಕುಂತು ನೇಯ್ತಾಳ. ನಾ ಹೋಗಿ ನೋಡಿ ಬಂದೆ."

ಮಗಳು ವಿದ್ಯಾಗಿರಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಮನೆ ಅವಳು ಕೊಂಡದ್ದು. ತಂದೆ ತೀರಿದ ಮೇಲೆ ತಾಯಿಯನ್ನು ಕರೆದಾಗ, ಮಗ್ಗ ಬಂದರೆ ಮಾತ್ರ ತಾನೂ ಬರುತ್ತೇನೆ ಎಂದರಂತೆ ತಾಯಿ. ಮಗಳು ಪಾರ್ಕಿಂಗಿನ ಟೈಲ್ಸ್ ಒಡೆಸಿ, ಕುಣಿ ತೋಡಿಸಿ, ಒಳಗೆ ಸಿಮೆಂಟು ಮಾಡಿಸಿ, ತನ್ನ ಕಾರನ್ನು ರಸ್ತೆಯ ಮೇಲೆ ನಿಲ್ಲಿಸತೊಡಗಿದಳು. ಬಡಾವಣೆಯವರೆಲ್ಲ ಆ ತಾಯಿಯನ್ನು ಮಗ್ಗದವ್ವ ಎಂದೇ ಕರೆಯುತ್ತಿದ್ದರು. ಅತ್ತೆಗೆ ಮಧ್ಯಾಹ್ನಕ್ಕೊಂದು ಜಾಗ ಸಿಕ್ಕಿತು. ಊಟ ಮುಗಿಸಿ, ಕೋಲು ಹಿಡಿದು, ಇಳಿಜಾರು ಇಳಿದು ಹೋಗಿ ಮಗ್ಗದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಒಬ್ಬರು ನೇಯುತ್ತ, ಒಬ್ಬರು ಶೇಂಗಾ ಸುಲಿಯುತ್ತ. ಇಬ್ಬರಿಗೂ ಸೊಸೆಯಂದಿರ ವಿಷಯ ಮಾತಾಡಲು ಬೇಕಾದಷ್ಟಿತ್ತು ಎಂದು ನನ್ನ ಗುಮಾನಿ. ಮಗ್ಗದವ್ವನಿಗೆ ಸೊಸೆಯೇ ಇರಲಿಲ್ಲವಾದರೂ.

ಮಗ್ಗದ ಪಕ್ಕದ ಮನೆಯಲ್ಲಿ ನಿವೃತ್ತ ಇಂಜಿನಿಯರ್ ಒಬ್ಬರಿದ್ದರು. ಬಡಾವಣೆಗೆ ಬಂದ ಮೊದಲಿಗರಲ್ಲಿ ಒಬ್ಬರು. ಕಸದ ಗಾಡಿ ತಡವಾದರೂ, ಬೀದಿದೀಪ ಹಗಲು ಉರಿದರೂ ವಾಟ್ಸ್‌ಆಪ್ ಗುಂಪಿನಲ್ಲಿ ಫೋಟೊ ಸಮೇತ ಹಾಕುವವರು ಅವರೇ. ಮಧ್ಯಾಹ್ನದ ನಿದ್ದೆಗೆ ಮಗ್ಗದ ಸಪ್ಪಳ ಅಡ್ಡ ಬಂತು. ಒಂದು ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತರು.

"ಇದು ವಾಸಕ್ಕ ಇರೂ ಬಡಾವಣಿ. ಇವತ್ತು ಮಗ್ಗ, ನಾಳೆ ಗಿರಣಿ. ಮ್ಯಾಲೆ ಕಾರು ರಸ್ತಾದಾಗ. ನಿಯಮ ಅಂದ್ರ ಎಲ್ಲಾರಿಗೂ ಒಂದ ಇರಬೇಕಲ್ರಿ?"

ನಮ್ಮ ಮನೆಯವರು ಆ ವರ್ಷ ಸಂಘದ ಅಧ್ಯಕ್ಷರು. ಮಾತಾಡಿ ನೋಡುತ್ತೇನೆ ಎಂದು ಹೇಳಿ ಬಂದರು. ಮನೆಯಲ್ಲಿ ಅತ್ತೆ ಮಗನೊಡನೆ ಮಾತು ಬಿಟ್ಟರು. ಊಟದ ತಟ್ಟೆಯನ್ನೂ ನನ್ನ ಕೈಯಿಂದ ಕಳಿಸುತ್ತಿದ್ದರು. ಕೊನೆಗೆ ಮಗ್ಗದವ್ವನ ಮಗಳ ಹತ್ತಿರ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಬಾಗಿಲಲ್ಲೇ ನಿಂತು ಕೇಳಿದಳು. ಸಿಟ್ಟು ಮಾಡಲಿಲ್ಲ.

"ಅಕ್ಕಾರ, ಅವ್ವ ಈ ಮನಿಗಿ ಬಂದಿಲ್ಲ, ಮಗ್ಗದ ಜೋಡಿ ಬಂದಾಳ. ಮಗ್ಗ ತಗದ್ರ ಆಕಿನೂ ಹೊಂಟ ಹೋಗ್ತಾಳ. ಈ ಸೀರಿ ಮುಗೀಲಿ, ಆಮ್ಯಾಲೆ ನಾನ ಏನರೆ ದಾರಿ ಹುಡುಕ್ತೇನಿ."

ಸೀರೆ ಮುಗಿಯುವ ಮೊದಲೇ ಮಳೆಗಾಲ ಬಂತು.

ನಮ್ಮಲ್ಲಿ ಆ ವಾರ ದೊಡ್ಡ ಮಳೆಯೇನೂ ಇರಲಿಲ್ಲ. ಮಳೆ ಬೀಳುತ್ತಿದ್ದುದು ಮೇಲೆ, ಬೆಳಗಾವಿಯಾಚೆ ಘಟ್ಟದಲ್ಲಿ. ಡ್ಯಾಮು ತುಂಬಿ ನೀರು ಬಿಟ್ಟಿದ್ದಾರೆ ಎಂದು ಆಟೊದಲ್ಲಿ ಮೈಕು ಕಟ್ಟಿಕೊಂಡು ಹೇಳಿ ಹೋದರು. ಮರುದಿನ ಬೆಳಿಗ್ಗೆ ವಾಕಿಂಗ್ ದಾರಿ ಕಾಣಲಿಲ್ಲ. ಗಿಡ್ಡ ಗೋಡೆಯ ತುದಿಯಷ್ಟೇ ಕೆಂಪು ನೀರಿನ ಮೇಲೆ ಗೆರೆ ಎಳೆದಂತಿತ್ತು. ನೀರಿಗೆ ಅವಸರವಿರಲಿಲ್ಲ. ಒಂದು ಜಾಗದಲ್ಲಿ ನಿಂತಂತೆ ಕಾಣುತ್ತಿತ್ತು, ಕಣ್ಣು ಬೇರೆ ಕಡೆ ಹೊರಳಿಸಿ ಮತ್ತೆ ನೋಡಿದರೆ ಗೋಡೆಯ ಒಂದು ಕಲ್ಲು ಕಡಿಮೆ.

ಸಾಲೆಗೆ ರಜೆ ಕೊಟ್ಟಿದ್ದರು. ಕೆಳಗಿನ ಸಾಲಿನವರು ಫ್ರಿಜ್ಜು, ಟಿವಿ, ಗ್ಯಾಸು ಎಂದು ಮೇಲಿನ ಸಾಲಿನ ಮನೆಗಳಿಗೆ ಸಾಗಿಸತೊಡಗಿದರು. ನಾನೂ ನಮ್ಮ ಮನೆಯವರೂ ಮಗ್ಗದವ್ವನ ಮನೆಗೆ ಹೋದೆವು. ಗೇಟಿನೊಳಗೆ ಪಾದ ಮುಳುಗುವಷ್ಟು ನೀರಿತ್ತು. ಕುಣಿ ಆಗಲೇ ತುಂಬಿತ್ತು. ಮಗ್ಗದವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ ಮಗ್ಗದ ಪಕ್ಕ ನಿಂತಿದ್ದರು. ಮಗಳು ಕೈಯಲ್ಲಿ ಕತ್ತರಿ ಹಿಡಿದಿದ್ದಳು.

"ಅವ್ವಾ, ನೇಯ್ದಷ್ಟು ಕತ್ತರಿಸಿ ತಗೊಂಡ ಬಿಡೂಣು. ನೂಲು ಹೋದ್ರ ಹೋಗ್ಲಿ."

"ಕತ್ತರಸಬ್ಯಾಡ."

"ಮತ್ತೇನ ಮಾಡ್ತೀ? ನೀರು ಏರಾಕತ್ತೇತಿ, ಕಾಣಸೂದಿಲ್ಲೇನು?"

"ಕಾಣಸ್ತೈತಿ. ಇನ್ನ ಸೆರಗು ಬಾಕಿ ಐತಿ. ಸೆರಗಿಲ್ಲದ್ದಕ್ಕ ಸೀರಿ ಅಂತಾರೇನು? ಕತ್ತರಿ ಒಳಗಿಡು."

ಮಗಳ ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿಗೋ ಹೆದರಿಕೆಗೋ, ಅವಳಿಗೂ ಗೊತ್ತಿರಲಿಕ್ಕಿಲ್ಲ. ತಾಯಿ ಅವಳ ಕಡೆ ನೋಡದೆ ನಮಗೆ ಹೇಗೆ ಎತ್ತಬೇಕೆಂದು ಹೇಳಿದರು. ಮುಂದೆ ನೇಯ್ದ ಬಟ್ಟೆ ಸುತ್ತಿದ ದಿಂಡು, ಹಿಂದೆ ಹಾಸಿನ ನೂಲು ಸುತ್ತಿದ ದಿಂಡು. ಎರಡನ್ನೂ ಗೂಟದಿಂದ ಬಿಡಿಸಿ, ನಡುವಿನ ನೂಲು ಸಡಿಲಾಗದಂತೆ ಬಿಗಿ ಹಿಡಿದು ಒಟ್ಟಿಗೇ ಎತ್ತಬೇಕು. ಒಂದು ಕಡೆ ಜಗ್ಗಿ ಒಂದು ಕಡೆ ಬಿಟ್ಟರೆ ಎಳೆಗಳು ಸಿಕ್ಕಾಗುತ್ತವೆ.

ನಾವು ನಾಲ್ವರು ಸಾಲದಾದೆವು. ನಡುವೆ ನೇತಾಡುವ, ಎಳೆಗಳನ್ನು ಪೋಣಿಸಿದ ಫಣಿಯನ್ನು ಹಿಡಿಯಲು ಇನ್ನೊಬ್ಬರು ಬೇಕಿತ್ತು. ಇಂಜಿನಿಯರು ತಮ್ಮ ಮನೆಯಿಂದ ಇನ್ವರ್ಟರ್ ಬ್ಯಾಟರಿ ಸಾಗಿಸಿ ವಾಪಸು ಬರುತ್ತಿದ್ದರು. ಲುಂಗಿ ಮೊಣಕಾಲ ಮೇಲೆ ಕಟ್ಟಿದ್ದರು. ನಮ್ಮ ಮನೆಯವರು ಕರೆಯಬೇಕೋ ಬೇಡವೋ ಎಂದು ನೋಡುತ್ತಿರುವಾಗ ಮಗ್ಗದವ್ವನೇ ಕೂಗಿದರು.

"ಸಾಹೇಬ್ರ, ಒಂದೀಟು ಕೈ ಹಚ್ಚತೀರೇನ್ರಿ?"

ಅವರು ಗೇಟಿನಲ್ಲಿ ಒಂದು ಕ್ಷಣ ನಿಂತರು. "ಎಲ್ಲಿ ಹಿಡೀಬೇಕ್ರಿ?" ಎಂದು ಒಳಗೆ ಬಂದರು.

ಎತ್ತಿದೆವು. ರೋಗಿಯನ್ನು ಹೊತ್ತುಕೊಂಡು ಹೋದ ಹಾಗೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕಿತ್ತು. ಮಗ್ಗದವ್ವ ಮುಂದಿನ ತುದಿ ಹಿಡಿದು ಹಿಮ್ಮುಖವಾಗಿ ನಡೆಯುತ್ತ, "ಸಾವಕಾಶ, ಸಾವಕಾಶ, ಈ ಕಡೆ ಮ್ಯಾಲ ಮಾಡ್ರಿ" ಎನ್ನುತ್ತಿದ್ದರು. ಗೇಟು ದಾಟಿ ಇಳಿಜಾರಿಗೆ ಬರುವಾಗ ಇಂಜಿನಿಯರ ಕಾಲು ನೀರಿನಡಿ ಕಾಣದಾಗಿದ್ದ ಚರಂಡಿಗೆ ಇಳಿಯಿತು. ಅವರು ಮೊಣಕಾಲೂರಿ ಕುಸಿದರು, ಫಣಿಯೊಡನೆ ನೂಲೂ ಜಗ್ಗಿ ಬಟ್ಟೆಯ ದಿಂಡಿನ ಒಂದು ತುದಿ ರಾಡಿ ನೀರಿನಲ್ಲಿ ಅದ್ದಿ ಮೇಲೆದ್ದಿತು. ಆದರೆ ಅವರು ಹಿಡಿದ ಕೈ ಬಿಡಲಿಲ್ಲ. "ಪೆಟ್ಟಾತೇನ್ರಿ?" ಎಂದು ಮಗ್ಗದವ್ವ ಕೇಳಿದರು. "ನನಗೇನಾಗಿಲ್ಲ, ನೇಯ್ದ ಅರಿವಿಗೆ ರಾಡಿ ಆತು" ಎಂದರು ಅವರು. ನಡೆದೆವು.

ನಮ್ಮ ಹಾಲಿನಲ್ಲಿ ಸೋಫಾ ಸರಿಸಿ ಜಾಗ ಮಾಡಿದೆವು. ಮಗ್ಗದವ್ವ ತಾವು ಬಟ್ಟೆ ಬದಲಿಸುವ ಮೊದಲು ದಿಂಡಿನ ತುದಿಯನ್ನು ಸ್ವಚ್ಛ ನೀರಲ್ಲಿ ತೊಳೆದು, ಒಣ ಪಂಚೆಯಿಂದ ಒತ್ತಿ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಇಟ್ಟರು. ಅತ್ತೆ ಒಳಗಿಂದ ಒಂದು ಸೀರೆ ತಂದು, "ಮೊದಲ ನೀ ಉಟ್ಟ ಅರಿವಿ ಬದಲಸ ತಂಗಿ, ಅದೇನು ಓಡಿ ಹೋಗೂದಿಲ್ಲ" ಎಂದು ಗದರಿದರು.

ತಾಯಿ ಮಗಳು ನಮ್ಮ ಮನೆಯಲ್ಲೇ ಉಳಿದರು. ಇಂಜಿನಿಯರೂ ಅವರ ಹೆಂಡತಿಯೂ ನಮ್ಮ ಎದುರಿನ ಮನೆಯಲ್ಲಿ. ಅಡುಗೆಯನ್ನು ಎಲ್ಲರೂ ನಮ್ಮಲ್ಲೇ ಮಾಡಿಕೊಂಡೆವು. ಮಗ್ಗದವ್ವ ರೊಟ್ಟಿ ಬಡಿಯಲು ಕೂತರೆ ನಾನು ಬೇಯಿಸುವಲ್ಲಿ ಹಿಂದೆ ಬೀಳುತ್ತಿದ್ದೆ. ಊಟಕ್ಕೆ ಕೂತಾಗ ಇಂಜಿನಿಯರು ಮಗ್ಗದ ವಿಷಯ ಎತ್ತಲಿಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಚರಂಡಿಗೆ ಮುಚ್ಚಳ ಹಾಕದ ಗುತ್ತಿಗೆದಾರನನ್ನು ಬಯ್ಯುತ್ತಿದ್ದರು. ಅವರ ಹೆಂಡತಿ, "ಅಂತೂ ಬಯ್ಯಾಕ ಒಬ್ಬ ಸಿಕ್ಕನಲ್ಲ" ಎಂದು ನಕ್ಕರು.

ನೀರು ಇಳಿದ ಮೇಲೆ ಕೆಳಗಿನ ಸಾಲಿನ ಮನೆಗಳಲ್ಲಿ ಗೋಡೆಯ ಅರ್ಧಕ್ಕೆ ಕಂದು ಪಟ್ಟಿ ಉಳಿದಿತ್ತು. ಕುಣಿಯಲ್ಲಿ ಹೊಳೆಯ ರಾಡಿ ಹೆಪ್ಪುಗಟ್ಟಿತ್ತು. ಮಗ್ಗದ ಕಟ್ಟಿಗೆ ಉಬ್ಬಿ, ಕೂಡಿಸಿದಲ್ಲಿ ಬಿಟ್ಟುಕೊಂಡಿತ್ತು. ಮಗ್ಗದವ್ವ ಒಂದು ಸಲ ಹೋಗಿ ನೋಡಿ ಬಂದು, ಚಹಾ ಕುಡಿದು, ಮಗಳಿಗೆ ಹೇಳಿದರು: "ಇಳಕಲ್ಲಾಗ ನಿಮ್ಮ ಮಾಮಾನ ಮನ್ಯಾಗ ಒಂದು ಕುಣಿ ಖಾಲಿ ಐತಿ. ಅಲ್ಲಿ ಮುಗಸ್ತೇನಿ."

ದಿಂಡುಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಟಂಟಂ ಆಟೊದಲ್ಲಿ ಹಾಕಿ ಕಳಿಸಿದೆವು. ಮಗ್ಗದವ್ವ ಡ್ರೈವರ್ ಪಕ್ಕ ಕೂಡಲು ಒಪ್ಪದೆ ಹಿಂದೆ ಅವುಗಳ ಜೊತೆಗೇ ಕೂತರು.

ದಸರೆಯ ರಜೆಯಲ್ಲಿ ಅತ್ತೆಯನ್ನು ಕರೆದುಕೊಂಡು ನಾನೂ ಮಗ್ಗದವ್ವನ ಮಗಳೂ ಅವಳ ಕಾರಿನಲ್ಲಿ ಇಳಕಲ್ಲಿಗೆ ಹೋದೆವು. ಹುನಗುಂದ ದಾಟಿದ ಮೇಲೆ ರಸ್ತೆ ತುಂಬ ಗ್ರಾನೈಟ್ ಲಾರಿಗಳು. ಅವುಗಳ ಹಿಂದೆ ತೆವಳುತ್ತ ಊರು ಮುಟ್ಟುವಾಗ ಮಧ್ಯಾಹ್ನ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ತಮ್ಮನ ಮನೆ. ಓಣಿಯುದ್ದಕ್ಕೂ ಸಪ್ಪಳ. ಎಡಕ್ಕೆ ಕೈಮಗ್ಗ, ಬಲಕ್ಕೆ ಪವರ್‌ಲೂಮ್. ಮಗ್ಗದವ್ವ ಕುಣಿಯಿಂದ ಎದ್ದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು.

ಆ ಸೀರೆ ಎಲ್ಲಿ ಎಂದು ನಾನು ಕೇಳಿದೆ.

"ಅದ? ಮುಗೀತು, ಕೊಟ್ಟೆ. ನೂಲು ಕೊಟ್ಟ ಸಾವಕಾರ ಬಿಚ್ಚಿ ನೋಡಿದ್ರು. ದಡಿ ಕೆಂಪಲ್ರಿ, ರಾಡಿ ಕಲಿ ಕಾಣಸಲಿಲ್ಲ. ನನಗ ಕಾಣಸ್ತಿತ್ತು, ಖರೆ."

ಯಾವ ಅಂಗಡಿಗೆ ಹೋಯಿತು, ಯಾರು ಉಟ್ಟರು, ಅವರಿಗೂ ಗೊತ್ತಿಲ್ಲ. ನನಗೆ ಸ್ವಲ್ಪ ಬೇಸರವಾಯಿತು. ನಾವೇ ಇಟ್ಟುಕೊಳ್ಳಬಹುದಿತ್ತು ಅನ್ನಿಸಿತು. ಅವರು ಮಾತ್ರ ಆಗಲೇ ಬೇರೆ ಹಾಸು ಹೂಡಿಯಾಗಿತ್ತು, ಹಸಿರು ಬಣ್ಣದ್ದು.

ಊಟವಾದ ಮೇಲೆ ಮಗಳು ಕೇಳಿದಳು. "ಮನಿ ಎಲ್ಲಾ ಸ್ವಚ್ಛ ಮಾಡ್ಸೇನಿ. ಬಣ್ಣ ಹಚ್ಚಸೇನಿ. ಯಾವಾಗ ಬರ್ತಿ?"

ತಾಯಿ ಎಲೆ ಅಡಿಕೆಯ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದರು.

"ಅಲ್ಲಿ ನಾ ಒಬ್ಬಾಕಿ ಸಪ್ಪಳ ಮಾಡಾಕಿ. ಇಲ್ಲಿ ಯಾರೂ ಕೇಳೂದಿಲ್ಲ. ನೂಲು ಇಲ್ಲೇ ಸಿಗತೈತಿ, ಎಳಿ ಹರದ್ರ ಕೂಡಸಾಕ ಮಗ್ಗಲ ಮನ್ಯಾಗ ಕೈ ಐತಿ. ನಿನ್ನ ಮ್ಯಾಲ ಸಿಟ್ಟಿಲ್ಲ ನನಗ. ಹಬ್ಬಕ್ಕ ಬರ್ತೇನಿ, ನೀ ಸೂಟಿ ಇದ್ದಾಗ ಬಾ."

ಮಗಳು ಆಗಲಿ ಎಂಬಂತೆ ತಲೆ ಅಲ್ಲಾಡಿಸಿದಳು. ವಾಪಸು ಬರುವಾಗ ಅಮೀನಗಡದಲ್ಲಿ ಕಾರು ನಿಲ್ಲಿಸಿ ಕರದಂಟು ತೆಗೆದುಕೊಂಡಳು. ಅಲ್ಲಿ ಅಂಗಡಿಯ ಮುಂದೆ ನಿಂತು, "ಅಕ್ಕಾರ, ನಾ ಮಗ್ಗ ತರಸಿದ್ದು ಅವ್ವನ ಸಲುವಾಗಿ ಅಂತ ತಿಳಕೊಂಡಿದ್ದೆ. ಒಬ್ಬಾಕಿ ಇರೂದು ನನಗ ಆಗ್ತಿರಲಿಲ್ಲ, ಅದಕ್ಕ ತರಸಿದ್ದು" ಎಂದಳು. ಅತ್ತೆ ಕಾರಿನೊಳಗಿಂದ, "ಒಂದು ಪುಡಿಕಿ ಹೆಚ್ಚಿಗಿ ತಗೋ, ಸಂಜೀಕ ನಮ್ಮ ಮನೀಗೆ ಬಂದು ಊಟ ಮಾಡು" ಎಂದು ಕೂಗಿದರು.

ಅಂದಿನಿಂದ ಆಕೆ ಬಹಳಷ್ಟು ಸಂಜೆ ನಮ್ಮಲ್ಲೇ ಉಣ್ಣುತ್ತಾಳೆ. ಕುಣಿಯನ್ನು ಮುಚ್ಚಿಸಿ ಟೈಲ್ಸ್ ಹಾಕಿಸಿದ್ದಾಳೆ. ಮೊದಲಿನ ಟೈಲ್ಸ್ ಸಿಗಲಿಲ್ಲ. ನಡುವಿನ ಚೌಕದ ಬಣ್ಣ ಬೇರೆ. ಇಂಜಿನಿಯರು ಈಗ ಪಾರ್ಕಿನಲ್ಲಿ ನಾಯಿ ಬಿಡುವವರ ಫೋಟೊ ಹಾಕುತ್ತಾರೆ. ಮಗ್ಗದವ್ವ ಹಬ್ಬಕ್ಕೆ ಬರುತ್ತಾರೆ, ಹೇಳಿದಂತೆಯೇ. ಬಂದ ಮೊದಲ ದಿನ ಚೆನ್ನಾಗಿರುತ್ತಾರೆ. ಎರಡನೆಯ ದಿನ ಅತ್ತೆಯ ಶೇಂಗಾ ಬುಟ್ಟಿ ಎಳೆದುಕೊಂಡು ಸುಲಿಯತೊಡಗುತ್ತಾರೆ. ಅದು ಮುಗಿದರೆ ಮಗಳ ಹಳೆಯ ದುಪ್ಪಟ್ಟದ ಅಂಚು ಹೊಲಿಯುತ್ತಾರೆ. ಆಮೇಲೆ ಇಳಕಲ್ಲಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳುತ್ತಾರೆ.