ಜರಡಿ ಹಿಡಿದ ಮಣ್ಣಿನ ಮೇಲೆ

ನನ್ನ ತಮ್ಮ ಚಂದ್ರಶೇಖರ ತನ್ನ ಎಂ.ಎಸ್ಸಿ. ಓದಿಗಾಗಿ ನಮ್ಮೂರ ಗೋಮಾಳದಲ್ಲಿ ತೋಳದ ಹೆಜ್ಜೆ ಹುಡುಕುತ್ತಿದ್ದ. ಅವನು ನೋಡುವ ಮೊದಲೇ ಆ ಹೆಜ್ಜೆಗಳನ್ನು ಅಳಿಸುತ್ತಿದ್ದವಳು ನಾನು. ಒಂದು ದಿನವಲ್ಲ, ಆ ಚಳಿಗಾಲ ಪೂರ್ತಿ. ಕೊನೆಗೆ ಅವನು ಇಲ್ಲಿ ತೋಳವಿಲ್ಲ ಎಂದು ಬರೆದ. ಇತ್ತು. ನಾನು ಕಂಡಿದ್ದೆ.

ಇಷ್ಟನ್ನು ನಾನು ಹೇಳಲು ಅವನು ಸಾಯಬೇಕಾಯಿತು. ಹೋದ ಆಷಾಢದಲ್ಲಿ ಕಾಮಾಲೆಯಾಗಿ ತೀರಿಕೊಂಡ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆ ಹಚ್ಚುತ್ತೇನೆ, ಎದ್ದು ಹೊರಗೆ ಬರುತ್ತೇನೆ, ಯಾಕೆ ಬಂದೆ ಎಂದು ನಿಲ್ಲುತ್ತೇನೆ — ಒಳಗೆ ಹೋಗುವಷ್ಟರಲ್ಲಿ ಅನ್ನ ಹೊತ್ತಿರುತ್ತದೆ. ಏಳನೇ ತರಗತಿಯವರೆಗೆ ಓದಿದವಳು ನಾನು. ಬರೆದು ಅಭ್ಯಾಸವಿಲ್ಲ. ಆದರೂ ಬಾಯಲ್ಲಿ ಹೇಳುವುದಕ್ಕಿಂತ ಇದೇ ಸುಲಭವೇನೋ ಅನ್ನಿಸಿ ಕೂತಿದ್ದೇನೆ.

ನಮ್ಮೂರು ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ, ಕಲ್ಲುಗುಡ್ಡಗಳ ಬುಡದಲ್ಲಿದೆ. ಊರಿನ ಆಚೆ ದನ ಕುರಿ ಮೇಯಲೆಂದು ಬಿಟ್ಟ ಗೋಮಾಳವಿತ್ತು. ಜಾಲಿ, ಕಾರೆಗಿಡ, ಬಂಡೆ, ನಡುವೆ ಒಣಹುಲ್ಲಿನ ಬಯಲು. ಮದುವೆಯಾದ ಸ್ವಲ್ಪ ದಿನಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನನಗೆ ಅಪ್ಪ ಒಂದು ಹಿಂಡು ಕುರಿ ಕೊಟ್ಟು, "ಇವು ನಿನ್ನವು ಕಣವ್ವ, ಯಾರ ಮುಂದೂ ಕೈ ಚಾಚ್ಬೇಡ" ಎಂದಿದ್ದರು. ಆ ಕುರಿಗಳಿಂದಲೇ ನಾನು ಆ ಮನೆಯಲ್ಲಿ ತಲೆ ಎತ್ತಿ ಉಂಡೆ. ಅವು ಮೇಯುತ್ತಿದ್ದುದು ಆ ಗೋಮಾಳದಲ್ಲಿ. ಇದನ್ನು ಮೊದಲೇ ಹೇಳುತ್ತಿದ್ದೇನೆ — ತಪ್ಪು ಕಡಿಮೆಯಾಗಲಿ ಎಂದಲ್ಲ. ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಚಂದ್ರ ನನಗಿಂತ ಬಹಳ ಚಿಕ್ಕವನು. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ. ಬಿ.ಎಸ್ಸಿ. ಆದ ಮೇಲೆ, ಎಂಬತ್ತರ ದಶಕದ ಕೊನೆಯಲ್ಲಿ, ಪ್ರಾಣಿ ಮತ್ತು ಪರಿಸರದ ಬಗ್ಗೆ ಎಂ.ಎಸ್ಸಿ. ಮಾಡುತ್ತೇನೆ ಎಂದು ಹೊರಟ. ಕಾಡುಪ್ರಾಣಿಗಳನ್ನು ಉಳಿಸಿಕೊಂಡು ಹೋಗುವುದು ಹೇಗೆ ಎಂಬುದೇ ಒಂದು ಓದು ಎಂದು ನಮಗೆ ಗೊತ್ತಾಗಿದ್ದೇ ಆಗ. ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮೂರ ಗೋಮಾಳವನ್ನೇ ಆರಿಸಿಕೊಂಡು ಮನೆಗೆ ಬಂದ. ಟೀ ಅಂಗಡಿಯಲ್ಲಿ ಅವನನ್ನು ಗೋಳುಹೊಯ್ದುಕೊಳ್ಳದವರಿಲ್ಲ.

"ಏನಪ್ಪಾ ಚಂದ್ರ, ನರಿ ಎಣಿಸೋಕೂ ಎಂ.ಎಸ್ಸಿ. ಬೇಕಾ? ನಮ್ ಮುನಿಯಪ್ಪನ್ನ ಕಳಿಸು, ಕುಡ್ದು ಬಂದು ಒಂದಕ್ಕೆ ಎರಡು ಎಣಿಸ್ತಾನೆ!"

"ಅವ್ನನ್ನೇ ಗೈಡ್ ಮಾಡ್ಕೊಂಡಿದ್ರೆ ಇಷ್ಟೊತ್ತಿಗೆ ಡಾಕ್ಟರೇಟೇ ಬಂದಿರೋದು ಕಣಣ್ಣಾ" ಎಂದು ಇವನೂ ನಗುತ್ತಿದ್ದ.

ಅವನ ಕೆಲಸ ಹೀಗಿತ್ತು. ಪ್ರಾಣಿಗಳು ಓಡಾಡಬಹುದಾದ ಕಾಲುದಾರಿಗಳಿಗೆ ಅಡ್ಡವಾಗಿ, ಹಳ್ಳ ದಾಟುವ ಕಡೆಗಳಲ್ಲಿ, ಜರಡಿ ಹಿಡಿದ ಸಣ್ಣ ಮಣ್ಣನ್ನು ಚಾಪೆಯಷ್ಟಗಲ ಹರಡುತ್ತಿದ್ದ. ಸಂಜೆ ಹಲಗೆಯಿಂದ ಸವರಿ ನುಣುಪು ಮಾಡಿ ಬರುವುದು, ಬೆಳಿಗ್ಗೆ ಹೋಗಿ ಯಾವ ಹೆಜ್ಜೆ ಮೂಡಿದೆ ನೋಡುವುದು. ಮಣ್ಣು ಜರಡಿ ಹಿಡಿಯಲು ನಾನೂ ಹೋಗುತ್ತಿದ್ದೆ. ಅಂಗಳದಲ್ಲಿ ಕಡ್ಡಿಯಿಂದ ಗೀರಿ ತೋರಿಸುತ್ತಿದ್ದ — ನಾಯಿಯದು ದುಂಡಗೆ, ತೋಳದ್ದು ಉದ್ದಕ್ಕೆ, ನಡುವಿನ ಎರಡು ಬೆರಳು ಮುಂದಕ್ಕೆ ಚಾಚಿರುತ್ತವೆ. "ನಾನು ಇಲ್ದಿದ್ದಾಗ ನಿನಗೆ ಕಂಡ್ರೆ ಗುರುತು ಸಿಗ್ಬೇಕಲ್ಲಕ್ಕಾ" ಎಂದಿದ್ದ.

ಅವನಿಂದ ಕಲಿತದ್ದನ್ನು ನಾನು ಯಾತಕ್ಕೆ ಬಳಸಿದೆ!

ಒಂದು ದಿನ ಅವನ ಗೈಡ್, ಬೆಂಗಳೂರಿನ ಮೇಷ್ಟ್ರು, ಜಾಗ ನೋಡಲು ಬಂದರು. ನಮ್ಮ ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ ಅಂದರು: "ಇಲ್ಲಿ ತೋಳ ಇದೆ ಅಂತ ಗಟ್ಟಿಯಾದ್ರೆ ಈ ಜಾಗಕ್ಕೊಂದು ಬೆಲೆ ಬರುತ್ತೆ ಚಂದ್ರಶೇಖರ್. ಇಲಾಖೆಗೆ ಬರೆಯಬಹುದು. ಬೇಲಿ ಹಾಕಿ ಮೇಯಿಸೋದನ್ನ ನಿಲ್ಲಿಸಬೇಕಾದೀತು, ಆದ್ರೆ ಉಳಿಯುತ್ತೆ." ನಾನು ಬಾಗಿಲ ಹಿಂದೆ ಚೊಂಬು ಹಿಡಿದು ನಿಂತಿದ್ದೆ. ಚಂದ್ರ ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ತಲೆ ತಗ್ಗಿಸಿಕೊಂಡು ಕೇಳುತ್ತಲೇ ಇದ್ದ.

ಅವನನ್ನು ಕರೆದು ಒಂದು ಮಾತು ಕೇಳಬಹುದಿತ್ತು. ನನ್ನ ಕುರಿಗಳ ಗತಿ ಏನಪ್ಪಾ — ಇಷ್ಟೇ. ಕೇಳಲಿಲ್ಲ. ಓದಿದವರ ಮಾತಿನ ನಡುವೆ ನಾನ್ಯಾರು ಎಂಬ ಬಿಗುಮಾನವೋ, ಅವನು ಹೌದು ಎಂದುಬಿಟ್ಟರೆ ಎಂಬ ಭಯವೋ — ಈಗ ಎಷ್ಟು ಕೆದಕಿದರೂ ತಿಳಿಯುತ್ತಿಲ್ಲ.

ಅದಾದ ಕೆಲವೇ ದಿನಕ್ಕೆ ಹಳ್ಳದ ಪಕ್ಕದ ಮಣ್ಣಿನ ಮೇಲೆ ಮೊದಲ ಹೆಜ್ಜೆ ಕಂಡಿತು. ಉದ್ದಕ್ಕೆ, ಅವನು ಗೀರಿ ತೋರಿಸಿದ ಹಾಗೆಯೇ. ಚಂದ್ರ ಅವತ್ತು ಇನ್ನೂ ಆ ಕಡೆ ಬಂದಿರಲಿಲ್ಲ. ಕುರಿಗಳನ್ನು ಅದರ ಮೇಲೆಯೇ ಹೊಡೆದುಕೊಂಡು ಹೋದೆ.

ಕುರಿ ಕಾಯುವವರು ಯಾರೂ ಇಬ್ಬನಿ ಆರುವ ಮೊದಲು ಹಿಂಡು ಬಿಡುವುದಿಲ್ಲ. ನೆಂದ ಹುಲ್ಲು ತಿಂದರೆ ಕುರಿಗೆ ಕಾಯಿಲೆ. ಚಂದ್ರ ಮಣ್ಣು ನೋಡಲು ಹೊರಡುವ ಮೊದಲೇ ನಾನು ಅಲ್ಲಿರಬೇಕಿತ್ತಲ್ಲ — ಹಾಗಾಗಿ ಮಂಜು ಹನಿಯುತ್ತಿರುವಾಗಲೇ ಹಿಂಡು ಬಿಡತೊಡಗಿದೆ. "ಯಾಕಕ್ಕಾ ಇಷ್ಟು ಬೇಗ?" ಎಂದ. "ಹತ್ರ ಹುಲ್ಲಿಲ್ಲ ಕಣೋ, ದೂರ ಹೋಗ್ಬೇಕು" ಎಂದೆ. ನಂಬಿದ. "ಹಂಗಾದ್ರೆ ಹಳ್ಳದ ಕಡೆ ಹೊಡೀಬೇಡ, ನನ್ ಮಣ್ಣೆಲ್ಲಾ ಕುರಿ ಗೊರಸಾಗೋಗಿದೆ" ಎಂದು ಕೇಳಿಕೊಂಡ. ಆಯ್ತು ಎಂದೆ. ಆಮೇಲೆ ಕುರಿಗಳನ್ನು ಬೇರೆ ದಾರಿಗೆ ಬಿಟ್ಟು, ನಾನೊಬ್ಬಳೇ ಹಳ್ಳಕ್ಕಿಳಿದು, ಹೆಜ್ಜೆ ಇದ್ದರೆ ಅಂಗೈಯಲ್ಲಿ ಉಜ್ಜಿ, ಪೊದೆಯಲ್ಲಿ ಅವನು ಇಟ್ಟಿರುತ್ತಿದ್ದ ಹಲಗೆಯಿಂದಲೇ ಸವರಿ ಬರುತ್ತಿದ್ದೆ. ನರಿಯದನ್ನು ಬಿಡುತ್ತಿದ್ದೆ. ಮೊಲದ್ದನ್ನು ಬಿಡುತ್ತಿದ್ದೆ. ಮೊದಲ ಸಲದ್ದನ್ನು ಗಾಬರಿ ಎನ್ನಬಹುದು. ಇದನ್ನು ಏನೆನ್ನಲಿ?

ಇಬ್ಬನಿಯ ಹುಲ್ಲು ತಿಂದು ನನ್ನದೇ ಒಂದು ಮರಿ ಸತ್ತಿತು. ಸುದ್ದಿ ಕೇಳಿ ಚಂದ್ರ ಓಡಿ ಬಂದ. "ತೋಳ ಹಿಡೀತಾ ಅಕ್ಕಾ?" ಎಂದ — ಕಣ್ಣು ಹೊಳೆಯುತ್ತಿತ್ತು. "ಇಲ್ಲ ಕಣೋ, ಕಾಯ್ಲೆ" ಎಂದೆ. ನನ್ನ ಮುಖ ನೋಡಿ ಅವನಿಗೇ ನಾಚಿಕೆಯಾಯಿತು. "ಥೂ, ನಾನೊಬ್ಬ. ನಿನ್ ಮರಿ ಸತ್ತಿದ್ರೆ ನಾನು..." ಎಂದು ಅರ್ಧಕ್ಕೇ ನಿಲ್ಲಿಸಿ, ಗುದ್ದಲಿ ತಂದು ಗುಂಡಿ ತೋಡಿಕೊಟ್ಟ.

ಪ್ರಬಂಧ ಮುಗಿಯಿತು. ಇಲ್ಲ ಎನ್ನುವುದೂ ಒಂದು ಫಲಿತಾಂಶವೇ ಎಂದರಂತೆ ಮೇಷ್ಟ್ರು. ಪಾಸಾದ. ರಟ್ಟು ಹಾಕಿಸಿದ ಒಂದು ಪ್ರತಿಯನ್ನು ಅರಣ್ಯ ಕಚೇರಿಗೂ ಕೊಟ್ಟು ಬಂದ. ಮುಂದೆ ಪಿಎಚ್.ಡಿ. ಮಾಡಬೇಕೆಂದಿದ್ದವನು ಆ ಮಾತನ್ನೇ ಬಿಟ್ಟ. ಕೇಳಿದ್ದಕ್ಕೆ, "ನನಗೆ ಆ ಕಣ್ಣಿಲ್ಲ ಬಿಡಕ್ಕಾ. ಅಪ್ಪ ಕಂಡಿದ್ದಾರೆ, ಪಕ್ಕದೂರಿನೋರು ಕಂಡಿದ್ದಾರೆ, ಇಡೀ ಚಳಿಗಾಲ ಮಣ್ಣು ಹಾಸಿದ್ರೂ ನನಗೆ ಕಾಣ್ಲಿಲ್ಲ" ಎಂದ. ಮತ್ತೆ ಅಂದ — ಅವತ್ತು ಅವನು ಅಂದ ಮಾತು ನನ್ನ ಬೆನ್ನು ಬಿಟ್ಟಿಲ್ಲ — "ಒಂದು ಅಧ್ಯಾಯ ಯೋಚ್ನೆ ಮಾಡಿಟ್ಕೊಂಡಿದ್ದೆ ಅಕ್ಕಾ. ತೋಳ ಸಿಕ್ಕಿದ್ರೆ ಮೇಯಿಸೋದು ನಿಲ್ಲಿಸ್ಬಾರ್ದು, ಅದು ಕುರಿ ಹಿಡಿದ್ರೆ ಸರ್ಕಾರ ಪರಿಹಾರ ಕೊಡ್ಲಿ, ಬಯಲು ಬಯಲಾಗೇ ಇರ್ಲಿ ಅಂತ. ನಿನ್ನ ನೆನಸ್ಕೊಂಡೇ ಯೋಚ್ನೆ ಮಾಡಿದ್ದು. ಮೇಷ್ಟ್ರ ಹತ್ರ ಜಗಳ ಆಡೋಕೂ ರೆಡಿ ಇದ್ದೆ. ತೋಳಾನೇ ಇಲ್ದಿದ್ಮೇಲೆ ಎಲ್ಲಿ ಸೇರಿಸ್ಲಿ?"

ನಾನು ರಾಗಿ ಕೇರುತ್ತಿದ್ದೆ. ಕೇರುತ್ತಲೇ ಇದ್ದೆ.

ಅವನು ಹೊಸಕೋಟೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾದ. ಶಾರದಳನ್ನು ಮದುವೆಯಾದ. ಕೆಲವು ವರ್ಷ ಕಳೆದವು. ಆಗ ಗೋಮಾಳವನ್ನು ಕಲ್ಲು ಕ್ವಾರಿಗೆ ಕೊಡುತ್ತಾರೆ ಎಂಬ ಸುದ್ದಿ ಬಂತು. ತಾಲ್ಲೂಕಿನಿಂದ ಅಧಿಕಾರಿಗಳು ಬಂದು ಶಾಲೆಯ ಮುಂದೆ ಸಭೆ ಮಾಡಿದರು. ಚಂದ್ರ ರಜೆ ಹಾಕಿ ಬಂದ. ಎದ್ದು ನಿಂತು, ಇದು ಬರೀ ಪಾಳುಭೂಮಿಯಲ್ಲ, ಇಲ್ಲಿ ಪ್ರಾಣಿಗಳಿವೆ, ಕುರಿಗಳಿವೆ, ತೋಳವೂ ಇದ್ದೀತು ಎಂದ. ಕ್ವಾರಿಯವರ ಕಡೆಯ ವಕೀಲ ಅರಣ್ಯ ಕಚೇರಿಯಿಂದ ತಂದ ಅವನದೇ ಪ್ರಬಂಧವನ್ನು ಎತ್ತಿ ಹಿಡಿದ.

"ಇದನ್ನ ಬರ್ದಿರೋರು ತಾವೇ ಅಲ್ವಾ ಸ್ವಾಮಿ? ತೋಳ ಇಲ್ಲ ಅಂತ ತಾವೇ ಬರ್ದು, ಈಗ ತಾವೇ ಇದೆ ಅಂದ್ರೆ ನಾವು ಯಾವ ಚಂದ್ರಶೇಖರ್‌ನ ನಂಬೋಣ?"

ಜನ ನಕ್ಕರು. ಚಂದ್ರನ ಮುಖ ಕೆಂಪಾಯಿತು. ಸುತ್ತ ನೋಡಿದ. ಹೆಂಗಸರ ನಡುವೆ ಕೂತಿದ್ದ ನನ್ನ ಮೇಲೆ ಅವನ ಕಣ್ಣು ನಿಂತಿತು.

"ನಮ್ಮಕ್ಕ ದಿನಾ ಅಲ್ಲೇ ಇರ್ತಿದ್ಲು. ಅಕ್ಕಾ, ನೀನೇ ಹೇಳು. ಒಂದ್ಸಲನಾದ್ರೂ ತೋಳ ಇರೋ ಗುರುತು ಕಂಡಿದ್ದೀಯಾ?"

ಆ ಹೊತ್ತು ನನ್ನ ಕೈಯಲ್ಲಿತ್ತು. ಕಂಡಿದ್ದೇನೆ ಎಂದರೆ, ಮತ್ತೆ ಪ್ರಬಂಧದಲ್ಲಿ ಯಾಕಿಲ್ಲ ಎಂದು ವಕೀಲ ಕೇಳುತ್ತಿದ್ದ. ಊರೆಲ್ಲ ನೋಡುತ್ತಿರುವಾಗ, ಅವನ ಎದುರಿಗೇ ನಾನು —

"ನಾನ್ ಕಂಡಿಲ್ಲ ಕಣಪ್ಪಾ" ಎಂದೆ.

"ಅಕ್ಕನೇ ಹಂಗಂದ್ಮೇಲೆ ಕೂತ್ಕೊಳ್ಳಿ ಮೇಷ್ಟ್ರೇ" ಎಂದು ಯಾರೋ ಕೂಗಿದರು. ಅವನು ಕೂತ. ಗೋಮಾಳ ಹೋಯಿತು. ಯಾವುದಕ್ಕಾಗಿ ಅದೆಲ್ಲ ಮಾಡಿದೆನೋ ಆ ಹುಲ್ಲೂ ಹೋಯಿತು, ಕುರಿಗಳನ್ನು ಮಾರಿದೆ. ಅದು ಶಿಕ್ಷೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ನನಗಾದದ್ದು ನನ್ನ ಕೈಯಾರೆ. ಅವನಿಗಾದದ್ದೂ ನನ್ನ ಕೈಯಾರೆಯೇ.

ಸಭೆಯಿಂದ ಮನೆಗೆ ಬರುವಾಗ ಅವನು ಒಂದೂ ಬಿರುಸು ಮಾತಾಡಲಿಲ್ಲ. "ಬಿಸಿಲು ಜಾಸ್ತಿ ಇದೆ, ಸೆರಗು ಹೊದ್ಕೊಳ್ಳಕ್ಕಾ" ಎಂದಷ್ಟೇ ಅಂದ. ಅವನಿಗೆ ಗೊತ್ತಿತ್ತೇ? ಹೊತ್ತಲ್ಲದ ಹೊತ್ತಿನಲ್ಲಿ ನಾನು ಹಿಂಡು ಬಿಟ್ಟದ್ದು, ನುಣುಪಾಗಿಯೇ ಉಳಿಯುತ್ತಿದ್ದ ಆ ಮಣ್ಣು — ಓದಿದವನು, ಜೋಡಿಸಿ ನೋಡಿರಲಾರನೇ? ಆಸ್ಪತ್ರೆಯಲ್ಲಿ ಅವನ ಕಾಲು ಒತ್ತುತ್ತಾ ಕೂತಾಗ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೆ. "ಏನಕ್ಕಾ?" ಎಂದ. "ಗಂಜಿ ತರ್ಲಾ?" ಎಂದೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾತಾಡಿಸಲು ಬಂದಳು. ಅವಳೂ ಈಗ ಅದೇ ಓದು ಓದುತ್ತಿದ್ದಾಳಂತೆ, ನಮ್ಮ ಗುಡ್ಡಗಳ ಕಡೆಯೇ ಕೆಲಸವಂತೆ. "ಈ ಕಡೆ ಮೊದಲಿಂದಲೂ ತೋಳ ಇರ್ಲಿಲ್ಲ ಅಲ್ವಾ ಅಮ್ಮಾ? ಸರ್ ಬರ್ದಿದ್ದಾರೆ. ನಾನು ಅದನ್ನೇ ಆಧಾರ ಇಟ್ಕೊಂಡಿದ್ದೀನಿ" ಎಂದಳು. ಅವಳಿಗೂ ನಾನು ಏನೂ ಹೇಳಲಿಲ್ಲ. ಚಂದ್ರ ಸತ್ತ ಮೇಲೂ ನನ್ನ ಸುಳ್ಳು ಅವನ ಹೆಸರಿನಲ್ಲಿ ಓಡಾಡುತ್ತಿದೆ. ಅಂದಿನಿಂದ ಈ ಚಡಪಡಿಕೆ ತಡೆಯಲಾಗದಷ್ಟಾಯಿತು.

ಹೊಸಕೋಟೆಗೆ ಹೋಗಿ ಮೊದಲು ಶಾರದಳಿಗೆ ಹೇಳಿದೆ. ಹೂವು ಮುಡಿಯದ ಅವಳ ತಲೆಯನ್ನು ನೋಡಿಕೊಂಡೇ, ಒಂದನ್ನೂ ಬಿಡದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಅವರು ಆ ಪುಸ್ತಕ ತೆಗೆದು ನೋಡ್ತಾನೇ ಇದ್ರು. ಬದುಕಿದ್ದಾಗ ಹೇಳಿದ್ರೆ ಒಂದಿನನಾದ್ರೂ ನೆಮ್ಮದಿಯಾಗಿ ಇರ್ತಿದ್ರು ಅತ್ತಿಗೆ" ಎಂದಳು. ಎದ್ದು ಒಳಗೆ ಹೋದಳು. ನಾನು ಬಸ್ಸು ಹತ್ತುವವರೆಗೂ ಹೊರಗೆ ಬರಲಿಲ್ಲ.

ಅವಳು ಕ್ಷಮಿಸಲಿ ಎಂದು ನಾನು ಕೇಳಲಾರೆ. ಯಾರನ್ನು ಕೇಳಬೇಕಿತ್ತೋ ಅವನೇ ಇಲ್ಲ.

ಆ ಹುಡುಗಿಗೆ ಬರಲು ಹೇಳಿ ಕಳಿಸಿದ್ದೇನೆ. ಭಾನುವಾರ ಬರುತ್ತಾಳೆ. ಅವಳನ್ನು ಹಳ್ಳವಿದ್ದ ಕಡೆಗೆ ಕರೆದುಕೊಂಡು ಹೋಗುತ್ತೇನೆ. ಈಗ ಅಲ್ಲಿ ಕ್ವಾರಿಯ ಗುಂಡಿ, ಅದರಲ್ಲಿ ಹಸಿರು ನೀರು ನಿಂತಿದೆ. ತೋರಿಸಲು ಏನೂ ಉಳಿದಿಲ್ಲ. ನಿಮ್ಮ ಮೇಷ್ಟ್ರು ಸರಿಯಾದ ಜಾಗದಲ್ಲೇ ಹುಡುಕಿದ್ದರು ಎಂದು ಆ ಗುಂಡಿಯ ಅಂಚಿನಲ್ಲಿ ನಿಂತು ಹೇಳಬೇಕು. ಅವಳು ಬರೆದುಕೊಳ್ಳುವವರೆಗೂ ಅಲ್ಲೇ ನಿಂತಿರಬೇಕು.