ಶಂಕ್ರಪ್ಪನ ಫಟಫಟಿಗೆ ಕಟ್ಟಿದ ಸೈಲೆನ್ಸರ್

ಹಿರೇಬೆಂಡಿಗೇರಿಯ ಉಳಿವೆಪ್ಪ ಕಮ್ಮಾರ. ನೇಗಿಲಿನ ಕುಡ, ಕುಡಗೋಲು, ಚಕ್ಕಡಿ ಗಾಲಿಯ ಹಳಿ ಇಷ್ಟೇ ಅವನ ಲೋಕ. ಮೋಟಾರಿನ ಕೆಲಸಕ್ಕೆ ಅವನು ಕೈಹಾಕಿದ್ದು ಒಂದೇ ಸಲ, ೧೯೫೮ರಲ್ಲಿ, ಗೆಳೆಯ ಶಂಕ್ರಪ್ಪನಿಗಾಗಿ.

ಶಂಕ್ರಪ್ಪ ಹೊಲಮನೆ ಇದ್ದ ದೊಡ್ಡ ಮನೆತನದವನು. ಶಾಲೆಯಲ್ಲಿ ಇಬ್ಬರೂ ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿದವರು. ಮಿಲಿಟರಿ ಹರಾಜಿನಲ್ಲಿ ಅವನೊಂದು ಹಳೆಯ ಮೋಟಾರ್‌ಸೈಕಲ್, ಊರವರ ಮಾತಿನಲ್ಲಿ ಫಟಫಟಿ, ಕೊಂಡಿದ್ದ. ಅದರ ಸೈಲೆನ್ಸರ್ ತುಕ್ಕು ಹಿಡಿದು ಉದುರಿಹೋಗಿ, ಗಾಡಿ ಕೆರೆದಂಡೆಗೆ ಬಂದಾಗಲೇ ಊರಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ದಿನ ಶಂಕ್ರಪ್ಪ ಕುಲುಮೆಗೆ ಬಂದು ಕುಂತ.

"ಅವ್ವಗ ಎದಿಬ್ಯಾನಿ ಆಗೇತಿ, ಉಳಿವ್ಯಾ. ಈ ಸಪ್ಪಳ ಕೇಳಿದ್ರ ಬೆಚ್ಚಿ ಬೀಳ್ತಾಳ. ಏನರ ಮಾಡು."

ಶಂಕ್ರಪ್ಪನ ತಾಯಿ ಸಿದ್ದವ್ವ, ತಾಯಿಯಿಲ್ಲದ ಉಳಿವೆಪ್ಪನಿಗೆ ಚಿಕ್ಕಂದಿನಲ್ಲಿ ರೊಟ್ಟಿ ಕೊಟ್ಟವಳು. ಅವನು ಬೇರೇನೂ ಕೇಳಲಿಲ್ಲ.

ವೆಲ್ಡಿಂಗ್ ಮಾಡುವ ಸಾಮಾನು ಅವನಲ್ಲಿರಲಿಲ್ಲ. ಹಳೆಯ ನೀರಿನ ಪೈಪೊಂದಕ್ಕೆ ಉಳಿಯಿಂದ ಸಾಲಾಗಿ ತೂತು ಹೊಡೆದ. ಅದರ ಸುತ್ತ ತಂತಿಯನ್ನು ಸಿಂಬಿಯಂತೆ ಸುತ್ತಿ, ಎಣ್ಣೆ ಡಬ್ಬಿಯ ತಗಡು ಹೊದಿಸಿ ರಿವೆಟ್ ಬಡಿದ. ಸಂದುಗಳಿಗೆ ಹುತ್ತದ ಮಣ್ಣು ಮೆತ್ತಿದ. ಮೊದಲ ಸಲ ಎಂಜಿನ್ ಉಸಿರುಕಟ್ಟಿ ನಿಂತಿತು. ಬಿಚ್ಚಿ ಇನ್ನಷ್ಟು ತೂತು ಹೊಡೆದ. ಹದಿನೈದು ದಿನದಲ್ಲಿ ಮೂರು ಸಲ ಬಿಚ್ಚಿ ಕಟ್ಟಿದ ಮೇಲೆ ಗಾಡಿ ಬೆಕ್ಕಿನಂತೆ ಗುರುಗುಟ್ಟಿ ಸುಮ್ಮನೆ ಹೊರಟಿತು.

ಆಮೇಲೊಮ್ಮೆ ದಾರಿಯಲ್ಲಿ ಸಿದ್ದವ್ವ ಸಿಕ್ಕಳು. "ಈಗ ಅರಾಮ ಅದೀರೇನ್ರಿ ಎವ್ವಾ?" ಎಂದು ಕೇಳಿದ. "ಅರಾಮ ಅದೇನಿ ಎಪ್ಪಾ" ಎಂದಳು. ತನ್ನ ಕೆಲಸ ಫಲಿಸಿತೆಂದು ಅವನಿಗೆ ಖುಷಿಯಾಯಿತು.

ಆಗ ಈ ಕಡೆ ಪಾನನಿಷೇಧವಿತ್ತು. ಮಳೆಗಾಲದ ಕೊನೆಗೆ ಸವಣೂರಿನ ದಾರಿಯಲ್ಲಿ ಪೊಲೀಸರು ಶಂಕ್ರಪ್ಪನನ್ನು ಹಿಡಿದರು. ಅವನ ಚೀಲದಲ್ಲಿ ಕಳ್ಳಬಟ್ಟಿ ಸೆರೆ ತುಂಬಿದ ಲಾರಿ ಟ್ಯೂಬುಗಳಿದ್ದವು. ನಾಕಾದಲ್ಲಿ ತಪಾಸಣೆಗೆ ನಿಂತವರಿಗೆ ಕೇಳಿಸದಂತೆ ದಾಟಲೆಂದೇ ಸಪ್ಪಳ ಅಡಗಿಸಿಕೊಂಡಿದ್ದ. ಯಾರ ಕೈಚಳಕ ಇದು ಎಂದು ಕೇಳಿದಾಗ, "ಉಳಿವೆಪ್ಪಂದ್ರಿ. ಈ ದಂಧೆದಾಗ ಅವಂದೂ ಪಾಲ ಐತಿ" ಎಂದ.

ಸಂತೆಗೆ ಹೋಗುವ ಜನ ನೋಡುತ್ತಿರುವಾಗಲೇ ಪೊಲೀಸರು ಉಳಿವೆಪ್ಪನನ್ನು ಕರೆದೊಯ್ದರು. "ಅವರವ್ವನ ಎದಿಬ್ಯಾನಿ ಸಲುವಾಗಿ ಮಾಡೇನ್ರಿ ಸಾಹೇಬ್ರ" ಎಂದು ಅವನು ಹೇಳಿದ್ದನ್ನೇ ಹೇಳಿದ. ಫೌಜದಾರರು ಸಿದ್ದವ್ವನನ್ನು ಠಾಣೆಗೆ ಕರೆಸಿದರು.

"ನನಗ ಎದಿಬ್ಯಾನಿ ಯಾವತ್ತೂ ಇಲ್ರಿ," ಎಂದಳು ಆಕೆ.

ಉಳಿವೆಪ್ಪ ಅಲ್ಲೇ ಕೂಡಿಸಿದ್ದ ಶಂಕ್ರಪ್ಪನ ಕಡೆ ತಿರುಗಿದ. ಅಲ್ಲಿಯವರೆಗೂ ಶಂಕ್ರಪ್ಪ ಹೆದರಿ ತನ್ನ ಹೆಸರು ಹೇಳಿರಬೇಕು, ಅವ್ವನ ಎದಿಬ್ಯಾನಿ ಮಾತ್ರ ನಿಜ ಎಂದೇ ಅವನು ತಿಳಿದಿದ್ದ.

ಸಿದ್ದವ್ವ ಇಬ್ಬರ ಮುಖವನ್ನೂ ನೋಡಿದಳು. "ಆ ಸಪ್ಪಳ ಕೇಳಿದ ಮ್ಯಾಗ ನಾ ಹಂಚಿಗೆ ರೊಟ್ಟಿ ಹಾಕ್ತಿದ್ದೆನ್ರಿ. ಅದು ನಿಂತಾಗಿಂದ ಮಗ ಯಾವಾಗ ಬರ್ತಾನ, ಯಾವಾಗ ಹೋಗ್ತಾನ, ತಿಳಿವಲ್ದು. ಉಳಿವೆಪ್ಪಗ ಸುಳ್ಳ ಹೇಳಿದವ ನನ್ನ ಮಗಾನ ರೀ. ಇವನ್ನ ಬಿಡ್ರಿ."

ಮರುದಿನ ಅವನನ್ನು ಬಿಟ್ಟರು. ಶಂಕ್ರಪ್ಪನಿಗೆ ಮೂರು ತಿಂಗಳು ಜೈಲಾಯಿತು.

ಬಿಡುಗಡೆಯಾಗಿ ಬಂದವನು ಕುಲುಮೆಯ ಮುಂದೆ ನಿಂತು, "ಯಾರದರ ಒಂದು ಹೆಸರ ಹೇಳಬೇಕಿತ್ತೋ. ನಿನ್ನ ಬಿಟ್ಟ ಬಿಡ್ತಾರ ಅಂತ ಗೊತ್ತಿತ್ತು" ಎಂದ.

ಉಳಿವೆಪ್ಪ ಸುತ್ತಿಗೆ ಕೆಳಗಿಟ್ಟ. "ಹೆಸರ ಹೇಳಿದ್ದು ಹೋಗ್ಲಿ. ಅವ್ವನ ಎದಿಬ್ಯಾನಿ ಅಂದ್ಯಲ್ಲ. ಅಷ್ಟೂ ದಿನ ಅಕೀನ್ನ ನೆನಸ್ಕೊಂತ ಬಡದೇನಿ."

ಶಂಕ್ರಪ್ಪ ಹೊರಟುಹೋದ. ಮತ್ತೆ ಅವರಿಬ್ಬರಲ್ಲಿ ಮಾತಾಗಲಿಲ್ಲ. ಯಾರಾದರೂ ಮೋಟಾರು ತಂದರೆ ಉಳಿವೆಪ್ಪ, "ಸವಣೂರಿಗೆ ಒಯ್ಯಿರಿ" ಎನ್ನುತ್ತಿದ್ದ. ಸಿದ್ದವ್ವ ಕುಡಗೋಲು ಕಳಿಸಿದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲು ಅದನ್ನು ಹಣಿದು, ಹರಿತ ಮಾಡಿ ಕೊಡುತ್ತಿದ್ದ.