ಒಣಕೊಂಬೆ ಬಿಟ್ಟು ನೆರಳು ಕಡಿದರು

ಮರ ಸವರುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ರಸ್ತೆ ಬದಿಯಲ್ಲಿ ಯಾರಾದರೂ ಏಣಿ ಹಾಕಿಕೊಂಡು ಕೊಂಬೆ ಕಡಿಯುತ್ತಿದ್ದರೆ ನಿಂತು ಕೇಳಿಯೇ ಬಿಡುತ್ತೇನೆ: ಈ ಕಟ್ಟಿಗೆ ಯಾರಿಗೆ ಹೋಗುತ್ತದೆ? ತಲೆ ಕೆಟ್ಟ ಮುದುಕಿ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ. ಆ ಒಂದು ಪ್ರಶ್ನೆಯನ್ನು ಸಮಯಕ್ಕೆ ಸರಿಯಾಗಿ ಊರಿನ ದೊಡ್ಡವರು ಯಾರೂ ಕೇಳಲಿಲ್ಲ. ಅದಕ್ಕೆ ನಮ್ಮಪ್ಪ ತನ್ನ ನಿದ್ದೆಯನ್ನು ತೆತ್ತ.

ಐವತ್ತರ ದಶಕದ ಕೊನೆಯ ಮಾತು. ಅಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ, ಅದೂ ರಾತ್ರಿ ಪಾಳಿಯಲ್ಲಿ. ನಾವಿದ್ದದ್ದು ನಿಟ್ಟುವಳ್ಳಿಗೆ ಹೋಗುವ ದಾರಿಯಲ್ಲಿ, ಸಾಲಾಗಿ ಕಟ್ಟಿದ ತಗಡಿನ ಮನೆಗಳಲ್ಲಿ ಒಂದರಲ್ಲಿ. ಆಗಿನ್ನೂ ನಿಟ್ಟುವಳ್ಳಿ ಬೇರೆಯೇ ಹಳ್ಳಿ, ನಡುವೆ ಹೊಲಗಳಿದ್ದವು. ಬೇಸಿಗೆಯ ಹಗಲಿನಲ್ಲಿ ಆ ತಗಡಿನ ಕೆಳಗೆ ಮಲಗುವುದೆಂದರೆ ರೊಟ್ಟಿ ಹಂಚಿನ ಮೇಲೆ ಮಲಗಿದ ಹಾಗೆ. ಪುಣ್ಯಕ್ಕೆ ಮನೆ ಮುಂದೆ ಒಂದು ದೊಡ್ಡ ಹೊಂಗೆ ಮರವಿತ್ತು. ಬೆಳಿಗ್ಗೆ ಪಾಳಿ ಮುಗಿಸಿ ಬಂದು, ತಲೆಗೂದಲಿಗೆ ಅಂಟಿದ ಹತ್ತಿಯ ಧೂಳು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿ, ರೊಟ್ಟಿ ತಿಂದು ಅಪ್ಪ ಹೊಂಗೆಯ ಕೆಳಗೆ ಹೊರಸು ಹಾಕಿ ಮಲಗಿದನೆಂದರೆ ಮುಗಿಯಿತು. ಎದುರು ಸಾಲಿನವರು ನಲ್ಲಿ ನೀರಿಗೆ ಜಗಳ ತೆಗೆದು ಕೊಡ ಎತ್ತಿ ಕುಕ್ಕಿದರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ. ನೆರಳು ಸರಿದ ಹಾಗೆ ಅವ್ವ ಹೊರಸನ್ನೂ ಸರಿಸುತ್ತಿದ್ದಳು, ಅಪ್ಪನ ಸಮೇತ.

ಮರದಲ್ಲಿ ಒಂದು ಒಣಕೊಂಬೆ ಇತ್ತು. ಗೆದ್ದಲು ತಿಂದು ಒಳಗೆಲ್ಲ ಟೊಳ್ಳಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹೊರಸು ಸರಿಯಾಗಿ ಅದರ ಕೆಳಗೇ ಬರುತ್ತಿತ್ತು. ಅವ್ವನಿಗೆ ಅದೊಂದು ದಿನದಿನದ ಆತಂಕ. ಅವಳು ಹರಿಹರದ ಹೊಳೆ ದಂಡೆಯ ತೋಟದಲ್ಲಿ ಬೆಳೆದವಳು, ಮರಗಳ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. ತಾನೇ ಕಡಿಸಿಬಿಡುತ್ತಿದ್ದಳು. ಆದರೆ ಅದು ಬೀದಿಯ ಮರ, ಮುನಿಸಿಪಾಲ್ಟಿಯ ಸ್ವತ್ತು, ಮುಟ್ಟಿದರೆ ದಂಡ. ಹಾಗಾಗಿ ನಮ್ಮ ಭಾಗದ ಮೆಂಬರನ ಹತ್ತಿರ ಹೋದಳು. ಆತ ಮಂಡಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಸಾಹುಕಾರ.

"ಒಣಕೊಂಬಿ ಒಂದು ಐತ್ರಿ ಸಾವ್ಕಾರ್ರೆ. ನಮ್ಮನೆಯವರು ಅದರ ಕೆಳಗೇ ಮಲಗ್ತಾರ. ಅದೊಂದು ಕಡಿಸಿ ಕೊಡ್ರಿ, ಸಾಕು."

"ಅದೊಂದು ಯಾಕ್ರಿ ಅಕ್ಕಾರೆ? ಹೆಂಗೂ ನಿಮ್ಮ ಓಣಿಗೆ ಕರೆಂಟಿನ ತಂತಿ ಬರತೈತೆ. ಇಡೀ ಸಾಲಿನ ಮರ ಸವರಿಸಿಬಿಡ್ತೀನಿ, ಚಿಂತಿ ಬ್ಯಾಡ," ಎಂದ.

ಯುಗಾದಿ ಮುಗಿದು, ಹೊಂಗೆ ಹೊಸ ಎಲೆ ಬಿಟ್ಟು ಮೈತುಂಬಿಕೊಂಡಿತ್ತು. ಒಂದು ದಿನ ಬೆಳಿಗ್ಗೆ ಕಟ್ಟಿಗೆ ಅಡ್ಡೆಯವನು ಆಳುಗಳನ್ನೂ ಎತ್ತಿನ ಗಾಡಿಯನ್ನೂ ಕಟ್ಟಿಕೊಂಡು ಬಂದ. ಮುನಿಸಿಪಾಲ್ಟಿ ಗುತ್ತಿಗೆ ಕೊಟ್ಟದ್ದು ಅವನಿಗೇ. ಒಪ್ಪಂದ ಏನೆಂಬುದು ಆಮೇಲೆ ತಿಳಿಯಿತು: ಕೂಲಿ ಅಂತ ಏನೂ ಕೊಡುವುದಿಲ್ಲ, ಕಡಿದ ಕಟ್ಟಿಗೆಯೇ ಅವನ ಕೂಲಿ. ಮುನಿಸಿಪಾಲ್ಟಿಗೆ ಕಾಸಿನ ಖರ್ಚಿಲ್ಲದೆ ಊರ ಮರಗಳನ್ನೆಲ್ಲ ಒಪ್ಪ ಮಾಡಿಸಿದೆ ಎಂದು ನಮ್ಮ ಮೆಂಬರು ಸಭೆಯಲ್ಲಿ ಭೇಷ್ ಅನ್ನಿಸಿಕೊಂಡಿದ್ದನಂತೆ. ಮೇಕೆಯನ್ನು ಕಾಯಲು ತೋಳವನ್ನು ಪುಕ್ಕಟೆ ಗೊತ್ತು ಮಾಡಿದ ಹಾಗಿನ ಈ ಜಾಣತನಕ್ಕೆ ಚಪ್ಪಾಳೆ ತಟ್ಟಿದ ಮಹನೀಯರೆಲ್ಲ ಓದಿ ಬರೆದು ಬಲ್ಲವರೇ. ಒಬ್ಬನಿಗಾದರೂ ಹೊಳೆಯಬಾರದೆ?

ಅಪ್ಪ ಆಗಷ್ಟೇ ಮಲಗಿದ್ದ. ಅವರು ಎಬ್ಬಿಸಿದರು. ಪಾಪ, ನಿದ್ದೆಗಣ್ಣಿನಲ್ಲೇ ಎದ್ದು, ಹೊರಸನ್ನು ತಾನೇ ಎತ್ತಿ ಗೋಡೆಗೆ ಒರಗಿಸಿ ದಾರಿ ಬಿಟ್ಟುಕೊಟ್ಟ. ಒಣಕೊಂಬೆ ಹೋದೀತು ಎಂಬ ನೆಮ್ಮದಿಯಲ್ಲಿ ಒಳಗೆ ಹೋಗಿ ಬಿದ್ದುಕೊಂಡ. ಮೊದಲ ಏಟು ಬಿದ್ದದ್ದು ತೊಡೆ ದಪ್ಪದ ಹಸಿ ಕೊಂಬೆಗೆ. ತಂತಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಅದು ನಮ್ಮ ಮನೆಯ ಕಡೆಗೆ ಚಾಚಿಕೊಂಡಿತ್ತು. ಕೆಳಗಿನಿಂದ ಒಂದು ಕಚ್ಚು ಹಾಕುವ ಸೌಜನ್ಯವೂ ಇಲ್ಲ, ಮೇಲಿಂದಲೇ ಕಡಿದರು. ಅರ್ಧ ಕಡಿಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು, ಬೊಡ್ಡೆಯ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಬಿತ್ತು. ಅವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಓಡಿಬಂದಳು.

"ಏ, ಆ ಒಣದು ಬಿಟ್ಟು ಹಸೀದು ಯಾಕ ಕಡೀತೀರಿ? ಅಲ್ಲೈತೆ ನೋಡ್ರಿ, ಅದನ್ನ ಕಡೀರಿ!"

ಅಡ್ಡೆಯವನು ಬೀಡಿ ಬಾಯಿಂದ ತೆಗೆಯದೆ ಹೇಳಿದ: "ಅದು ಗೆದ್ದಲು ತಿಂದೈತವ್ವ, ಒಲೀಗೂ ಬರಲ್ಲ. ಹತ್ತಿದ್ರೆ ಆಳು ಬೀಳ್ತಾನ. ಅದನ್ನ ತಗಂಡು ನಾನೇನು ಮಾಡ್ಲಿ?"

ಅವ್ವ ಗಂಟಲು ಹರಿದುಕೊಂಡಳು. ಓಣಿಯ ಜನ ನಿಂತು ನೋಡಿದರು. ಕೆಲವರು ಚಕ್ಕೆ ಆರಿಸಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಗಾಡಿ ತುಂಬಿಕೊಂಡು ಅವರು ಹೊರಟಾಗ ಹೊಂಗೆಯಲ್ಲಿ ಉಳಿದದ್ದು ಬೋಳು ಬೊಡ್ಡೆ, ಮತ್ತು ಅದರ ತುದಿಯಲ್ಲಿ ಆ ಒಣಕೊಂಬೆ. ಕೊಡಲಿ ಹಿಡಿದವರು ಬಡವರು, ಅವರದೇನು ತಪ್ಪು ಎಂದು ದೊಡ್ಡ ಮನಸ್ಸು ಮಾಡುವವರು ಮಾಡಿಕೊಳ್ಳಲಿ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ. ನನಗೆ ಅವರ ಮೇಲೂ ಸಿಟ್ಟಿದೆ.

ಆ ಬೇಸಿಗೆ ಅಪ್ಪ ನಿದ್ದೆಗಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಗೋಣಿಚೀಲ ನೆನೆಸಿ ತಗಡಿನ ಮೇಲೆ ಹಾಕಿದೆವು, ನೋಡನೋಡುತ್ತಲೇ ಒಣಗಿತು. ಗುಡಿಯ ಕಟ್ಟೆಗೆ ಹೋದರೆ ಜನ, ನೊಣ. ಕಣ್ಣು ಕೆಂಡವಾಗಿ, ಮಾತಿಗೆ ಮುಂಚೆ ಸಿಡುಕುವ ಅಪ್ಪನನ್ನು ನಾವು ಮೊದಲ ಸಲ ನೋಡಿದೆವು. ಒಂದು ರಾತ್ರಿ ಮಗ್ಗದ ಮುಂದೆ ನಿಂತಲ್ಲೇ ತೂಕಡಿಸಿದನಂತೆ. ಪಾಳಿಯ ಮೇಸ್ತ್ರಿ, ಅಂದರೆ ಜಾಬರು, ಹಿಂದಿನಿಂದ ಅಂಗಿ ಹಿಡಿದು ಎಳೆಯದಿದ್ದರೆ ಕೈ ಹೋಗುತ್ತಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಎಂದೂ ಹೇಳಿದ. ಅವತ್ತೇ ಅವ್ವ ತೀರ್ಮಾನ ಮಾಡಿದಳು: ಅಪ್ಪ ಹರಿಹರಕ್ಕೆ ಹೋಗಿ ಮಲಗಬೇಕು.

ನಗಬೇಡಿ. ಮಲಗುವುದಕ್ಕೆ ರೈಲು ಹತ್ತಿ ಊರು ಬಿಟ್ಟು ಊರಿಗೆ ಹೋಗುತ್ತಿದ್ದ ಮನುಷ್ಯ ನಮ್ಮಪ್ಪ. ಪಾಳಿ ಮುಗಿದ ಕೂಡಲೇ ಬೆಳಗಿನ ಪ್ಯಾಸೆಂಜರ್ ಗಾಡಿ, ಹೊಳೆ ದಂಡೆಯಲ್ಲಿ ನಮ್ಮ ಸೋದರಮಾವನ ಮಾವಿನ ತೋಪಿನಲ್ಲಿ ನಿದ್ದೆ, ಸಂಜೆಯ ಗಾಡಿಗೆ ವಾಪಸ್ಸು, ಸೀದಾ ಮಿಲ್ಲಿಗೆ. ವಾರದ ರಜೆ ಬಿಟ್ಟರೆ ನಮಗೆ ಅಪ್ಪನ ಮುಖವೇ ಕಾಣುತ್ತಿರಲಿಲ್ಲ. ನನ್ನ ತಮ್ಮ ಗೋಡೆಗೆ ಒರಗಿಸಿದ್ದ ಖಾಲಿ ಹೊರಸನ್ನು ದಿನಾ ಎಳೆದು ತಂದು ಬಿಸಿಲಲ್ಲಿ, ಅದರ ಹಳೆಯ ಜಾಗದಲ್ಲೇ ಹಾಕುತ್ತಿದ್ದ. ಬೈದರೂ ಕೇಳುತ್ತಿರಲಿಲ್ಲ.

ಶಾಲೆಯ ರಜೆಯಲ್ಲಿ ಒಮ್ಮೆ ನಾನೂ ಅಪ್ಪನ ಜೊತೆ ಹೋಗಿದ್ದೆ. ಅವತ್ತು ಮಾವ ಒಂದು ಒಣಗಿದ ಕೊಂಬೆ ತೆಗೆಸುತ್ತಿದ್ದ. ಮೊದಲು ಕೆಳಗಿನಿಂದ ಕಚ್ಚು, ಆಮೇಲೆ ಮೇಲಿನಿಂದ ಗರಗಸ. ಕೊಂಬೆ ತೊಗಟೆ ಹರಿಯದೆ ಹಗ್ಗದಲ್ಲಿ ಮೆಲ್ಲಗೆ ಇಳಿಯಿತು. ಕಡಿದ ಜಾಗಕ್ಕೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದರು. ಕೆಲಸ ಮುಗಿದ ಮೇಲೆ ಮಾವ ಆಳಿಗೆ ಕೂಲಿಯೆಂದು ಜೋಳ ಅಳೆದು ಕೊಟ್ಟ. ಆಳು ಒಂದು ಹೊರೆ ಕಟ್ಟಿಗೆಯನ್ನೂ ಕೇಳಿದ, ಮಾವ ಜಪ್ಪಯ್ಯ ಅನ್ನಲಿಲ್ಲ. ಜಿಪುಣ ಎಂದು ನಾನು ಮುಖ ಸಿಂಡರಿಸಿದ್ದನ್ನು ನೋಡಿ ಹೇಳಿದ: "ಬೇಕಾದ್ರೆ ಇನ್ನೊಂದು ಸೇರು ಜೋಳ ಕೊಡ್ತೀನಿ, ಕಟ್ಟಿಗಿ ಮಾತ್ರ ಕೊಡಲ್ಲವ್ವ. ಇವತ್ತು ಕೊಟ್ರೆ ನಾಳೆ ಅವ ಮರ ಹತ್ತಿದಾಗ ದಪ್ಪ ಕೊಂಬೀನೇ ನೋಡ್ತಾನ."

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಯಾಕ, ಕಾಳಿನ ಮಂಡಿ ಸಾವ್ಕಾರಂಗೆ ಜೋಳ ಸಿಗಲಿಲ್ವಂತ?" ಎಂದಳು, ಹಲ್ಲು ಕಡಿಯುತ್ತ.

ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಒಂದು ಮಧ್ಯಾಹ್ನ ಬೀಸಿತು. ತಗಡುಗಳು ಎದ್ದವು. ಆ ಗದ್ದಲದ ನಡುವೆ ದೊಡ್ಡದೊಂದು ಸದ್ದು. ಗಾಳಿ ನಿಂತ ಮೇಲೆ ನೋಡಿದರೆ ಒಣಕೊಂಬೆ ಕೆಳಗೆ, ಅದರ ಅಡಿಯಲ್ಲಿ ತಮ್ಮ ಹಾಕಿದ್ದ ಹೊರಸು ನಡು ಮುರಿದು ಎರಡಾಗಿತ್ತು. ಅಪ್ಪ ಹರಿಹರದಲ್ಲಿ ಮಲಗಿದ್ದ. ತಮ್ಮ ಒಳಗಿದ್ದ.

ಮರುದಿನ ಮೆಂಬರು ಹಾನಿ ನೋಡಲು ಬಂದ. ಮುರಿದ ಹೊರಸನ್ನು ನೋಡಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದ: "ನೋಡ್ರಿ ಅಕ್ಕಾರೆ, ನಾವು ಮರ ಕಡಿಸಿದ್ದಕ್ಕೆ ನಿಮ್ಮನೆಯವರು ಉಳಕಂಡ್ರು. ನೆರಳಿದ್ದಿದ್ರೆ ಇಲ್ಲೇ ಮಲಗಿರ್ತಿದ್ರು, ಹೌದಿಲ್ರಿ?"

ಹೌದು ಹೌದು ಎಂದು ತಲೆಯಾಡಿಸಿದರು ನಮ್ಮ ಓಣಿಯವರು! ಅವರನ್ನು ನೆನೆದರೆ ಮೆಂಬರಿಗಿಂತ ಹೆಚ್ಚು ಸಿಟ್ಟು ಬರುತ್ತದೆ. ಮೆಂಬರು ಹೋದ ಮೇಲೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಂಬೆಗೆ ಹಗ್ಗ ಕಟ್ಟಿ, "ಹಿಡೀರಿ" ಎಂದಳು. ನಾನೂ ತಮ್ಮನೂ ಹಿಡಿದೆವು. ಮಂಡಿಯವರೆಗೂ ಎಳೆದೆವು. ದಾರಿಯುದ್ದಕ್ಕೂ ಗೆದ್ದಲ ಮಣ್ಣು ಉದುರಿತು. ಸಾಹುಕಾರನ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಅದನ್ನು ಹಾಕಿ ಅವ್ವ ಹೇಳಿದಳು: "ಗುತ್ತಿಗೆ ಕಟ್ಟಿಗಿ ಇದೊಂದು ಉಳಿದಿತ್ರಿ ಸಾವ್ಕಾರ್ರೆ. ನಿಮ್ಮದು ನಮಗೆ ಬ್ಯಾಡ."

ಆತ ಬಾಯಿ ತೆರೆಯುವಷ್ಟರಲ್ಲಿ ನಾವು ಹೊರಟಿದ್ದೆವು. ಅವತ್ತಿನ ಖುಷಿ ನನಗೆ ಇನ್ನೂ ಇದೆ. ಆದರೆ ಅದರಿಂದ ನೆರಳು ವಾಪಸ್ಸು ಬರಲಿಲ್ಲ.

ಬೋಳು ಹೊಂಗೆ ಪೊರಕೆಯ ಹಾಗೆ ಒತ್ತೊತ್ತಾಗಿ ಚಿಗುರಿತು. ದಂಡ ಬಿದ್ದರೆ ಬೀಳಲಿ ಎಂದು ಅವ್ವ ಹರಿಹರದ ಆಳನ್ನೇ ಕರೆಸಿ, ಜೋಳ ಅಳೆದು ಕೊಟ್ಟು, ಸೊರಗಿದ ಚಿಗುರು ತೆಗೆಸಿ ಗಟ್ಟಿಯವನ್ನು ಉಳಿಸಿಕೊಂಡಳು. ಕೇಳಲು ಯಾರೂ ಬರಲಿಲ್ಲ. ಮರ ಒಂದು ಹೊರಸಿನಷ್ಟಗಲ ನೆರಳು ಕೊಡುವ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ.

ನೆರಳು ಮರಳಿದ ಆ ಬೇಸಿಗೆ ಅಪ್ಪ ಹರಿಹರಕ್ಕೆ ಹೋಗುವುದನ್ನು ಬಿಟ್ಟು, ಹೊಸ ಹೊರಸು ಹಾಕಿಕೊಂಡು ಹೊಂಗೆಯ ಕೆಳಗೆ ಮಲಗಿದ. ಎಲ್ಲ ಮೊದಲಿನಂತಾಯಿತು ಎಂದುಕೊಂಡು ನಾನು ಬಾಗಿಲಿಗೆ ಬಂದು ನೋಡಿದರೆ ಅವನ ಕಣ್ಣು ತೆರೆದೇ ಇದ್ದವು. ಮೇಲಿನ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ಗಾಳಿ ಆಡಿದರೆ ಮೈ ಬಿಗಿ ಹಿಡಿಯುತ್ತಿದ್ದ.

"ಯಾಕ್ರಿ, ನಿದ್ದಿ ಬರವಲ್ದ?" ಎಂದಳು ಅವ್ವ.

"ಬರತೈತೆ, ಬರತೈತೆ. ನೀ ಒಳಗೆ ಹೋಗು."

ಅವ್ವ ಹೋಗಲಿಲ್ಲ. ಮೊರ ತಂದು ಹೊರಸಿನ ತಲೆದೆಸೆಗೆ ಕೂತಳು.

"ನೀವು ಕಣ್ಣು ಮುಚ್ಚರಿ. ಮೇಲೆ ನಾ ನೋಡ್ತಿರ್ತೀನಿ."